ಊರಿನ ಪ್ರಾಚೀನ ಇತಿಹಾಸಕ್ಕೆ ನಂಬಬಹುದಾದ ಆಧಾರ ಹುಡುಕುವುದು ಹೇಗೆ?

ದೇವಸ್ಥಾನದ ಜೀರ್ಣೋದ್ಧಾರವಾದಾಗ, ಶಾಲೆಗೆ ಐವತ್ತು ತುಂಬಿದಾಗ, ಸ್ನಾತಕೋತ್ತರ ತರಗತಿಯಲ್ಲಿ ಕಿರುಪ್ರಬಂಧ ಒಪ್ಪಿಸಬೇಕಾದಾಗ ಊರಿನ ಇತಿಹಾಸ ಬರೆಯುವ ಹೊಣೆ ಯಾರಾದರೊಬ್ಬರ ಹೆಗಲಿಗೆ ಬೀಳುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಇಂಥ ಬರಹಗಳನ್ನು ಹಲವು ವರ್ಷಗಳಿಂದ ತಿದ್ದಿಕೊಡುತ್ತ ಬಂದಿರುವ ನಾನು, ಬಹುಪಾಲು ಜನ ಒಂದೇ ಜಾಗದಲ್ಲಿ ಎಡವುವುದನ್ನು ಕಂಡಿದ್ದೇನೆ. ಗ್ರಂಥಾಲಯಕ್ಕೆ ಓಡಾಡಿ ಶಾಸನ ಸಂಪುಟವನ್ನು ಹುಡುಕಿ ತೆಗೆಯುವವರೆಗೆ ಅವರಲ್ಲಿ ಉತ್ಸಾಹವಿರುತ್ತದೆ, ಅದನ್ನು ಓದುವ ಹೊತ್ತಿಗೆ ತಾಳ್ಮೆ ತೀರಿಹೋಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹುಡುಕುವ ಹಂತಗಳನ್ನು ಬೇಗ ದಾಟಿ, ಓದುವ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ

‘ನಮ್ಮ ಊರಿನ ಇತಿಹಾಸ’ ಎಂಬುದು ಪ್ರಶ್ನೆಯಲ್ಲ. ‘ಈ ಕೆರೆಯನ್ನು ಯಾರು ಕಟ್ಟಿಸಿದರು, ಊರಿನ ಹೆಸರು ಮೊದಲು ಎಲ್ಲಿ ಕಾಣಿಸುತ್ತದೆ’ ಎಂಬುದು ಪ್ರಶ್ನೆ.

ಹಂತ 2: ಹೇಳಿಕೆಗಳನ್ನು ಬರೆದುಕೊಳ್ಳಿ, ಆದರೆ ಬೇರೆ ಪುಟದಲ್ಲಿ

ಊರಿನ ಹಿರಿಯರು, ಅರ್ಚಕರು ಹೇಳುವುದನ್ನೆಲ್ಲ ಗೌರವದಿಂದ ಬರೆದುಕೊಳ್ಳಬೇಕು. ಸ್ಥಳಪುರಾಣವನ್ನು ತಳ್ಳಿಹಾಕಬೇಕಾಗಿಲ್ಲ. ಅದು ಯಾವ ಕಾಲದಲ್ಲಿ ಬರೆಯಲ್ಪಟ್ಟಿತೋ ಆ ಕಾಲದ ಜನರ ನಂಬಿಕೆಗೆ ಅದು ಒಳ್ಳೆಯ ಆಧಾರವೇ ಆಗುತ್ತದೆ. ಆದರೆ ಅದು ಹೇಳುವ ಘಟನೆಗೆ ಅದನ್ನೇ ಆಧಾರವೆಂದು ಕೊಡಬಾರದು.

ತುಮಕೂರಿನ ಮಗ್ಗುಲಲ್ಲೇ ಇದಕ್ಕೊಂದು ಉದಾಹರಣೆಯಿದೆ. ಗೂಳೂರಿನ ಹತ್ತಿರದ ಕೈದಾಳದ ಚೆನ್ನಕೇಶವ ದೇವಾಲಯದ ಕಥೆಯನ್ನು ಈ ಭಾಗದಲ್ಲಿ ಕೇಳದವರಿಲ್ಲ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ಕಪ್ಪೆಯಿದೆಯೆಂದು ಮಗ ಡಂಕಣ ತೋರಿಸಿಕೊಟ್ಟಾಗ ಜಕಣಾಚಾರಿ ತನ್ನ ಕೈಯನ್ನೇ ಕಡಿದುಕೊಂಡನು, ಬಳಿಕ ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮತ್ತೆ ಬಂದಿತು, ಅದರಿಂದಲೇ ಊರು ಕೈದಾಳವಾಯಿತು ಎಂಬುದು ಆ ಕಥೆ. ಅದೇ ಊರಿನ ಶಾಸನವನ್ನು ತೆಗೆದು ನೋಡಿದರೆ, 12ನೆಯ ಶತಮಾನದ ನಡುಭಾಗದಲ್ಲಿ ಹೊಯ್ಸಳರ ಕೈಕೆಳಗಿದ್ದ ಬಾಚಿ ಎಂಬ ಸಾಮಂತನು ಅಲ್ಲಿ ಶಿವನಿಗೂ ಕೇಶವನಿಗೂ ಗುಡಿ ಕಟ್ಟಿಸಿ, ಜಿನಾಲಯವನ್ನೂ ಮಾಡಿಸಿದನೆಂದು ತಿಳಿಯುತ್ತದೆ. ಕೈಯ ಮಾತು ಅಲ್ಲಿಲ್ಲ. ನನ್ನ ಕೈಗೆ ಬಂದ ಬರಹಗಳಲ್ಲಿ ಹೆಚ್ಚಿನವು ಕಥೆಯನ್ನು ಎರಡು ಪುಟ ಬರೆದು, ಬಾಚಿಯನ್ನು ಒಂದು ಸಾಲಿನಲ್ಲಿ ಮುಗಿಸಿದ್ದವು. ಒಂದರಲ್ಲಿಯಂತೂ ಜಕಣಾಚಾರಿಯ ಹೆಸರು ಶಾಸನದಲ್ಲೇ ಇದೆಯೆಂದು ಬರೆಯಲಾಗಿತ್ತು. ಎರಡನ್ನೂ ಬರೆಯಿರಿ, ಯಾವುದು ಕಥೆ, ಯಾವುದು ಶಾಸನ ಎಂಬುದನ್ನು ಓದುಗನಿಗೆ ಬಿಡಿಸಿ ಹೇಳಿ.

ಹಂತ 3: ಸಂಪುಟವನ್ನು ಹುಡುಕಿ

ನಮ್ಮ ಮೂರು ಜಿಲ್ಲೆಗಳ ಅದೃಷ್ಟವೆಂದರೆ, ಇಲ್ಲಿನ ಶಾಸನಗಳು ನೂರು ವರ್ಷಕ್ಕೂ ಹಿಂದೆಯೇ ಅಚ್ಚಾಗಿವೆ. ಮೈಸೂರು ಸಂಸ್ಥಾನದ ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯಲ್ಲಿ ತುಮಕೂರು ಜಿಲ್ಲೆಯದು 12ನೆಯ ಸಂಪುಟ (1904), ಕೋಲಾರದ್ದು 10ನೆಯ ಸಂಪುಟ (1905). ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿಯ ಶಾಸನಗಳನ್ನೂ ಕೋಲಾರದ ಸಂಪುಟದಲ್ಲಿಯೇ ನೋಡಬೇಕು. ಆಮೇಲೆ ದೊರೆತ ಶಾಸನಗಳಿಗಾಗಿ ತುಮಕೂರಿಗೆ 16, ಕೋಲಾರಕ್ಕೆ 17 ಎಂದು ಪೂರಕ ಸಂಪುಟಗಳು ಬಂದಿವೆ. ಇವುಗಳ ಜೊತೆಗೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ತಿರುವಿಹಾಕುವುದನ್ನು ಮರೆಯಬಾರದು.

ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಇಳಿಸಿಕೊಂಡ ಕೂಡಲೇ ಪುಟಸಂಖ್ಯೆಗಳು ಸರಿಯಾಗಿ ಮುಂದುವರಿಯುತ್ತವೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಪುಟ ಹಾರಿಹೋದ, ಚಿತ್ರಫಲಕಗಳು ಕಪ್ಪು ಮಸಿಯಂತೆ ಕಾಣುವ ಪ್ರತಿಗಳು ಧಾರಾಳವಾಗಿವೆ. ಅದೇ ಸ್ಕ್ಯಾನನ್ನು ಯಂತ್ರದಿಂದ ಓದಿಸಿ ಹೊಳೆಯುವ ರಟ್ಟು ಹಾಕಿ ಮಾರುವ ಮರುಮುದ್ರಣಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಅವುಗಳಲ್ಲಿ ಶಾಸನದ ಕನ್ನಡ ಪಾಠ, ಎಂದರೆ ಮೂಲ ಒಕ್ಕಣೆಯೆಂಬುದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿರುತ್ತದೆ. ಅಂತರಜಾಲ ಒಗ್ಗದವರು ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ, ಅಲ್ಲಿಲ್ಲವಾದರೆ ಬೆಂಗಳೂರಿನ ಮಿಥಿಕ್ ಸೊಸೈಟಿಗೆ ಒಂದು ದಿನ ಹೋಗಿಬರುವುದು ಒಳಿತು.

ಸಂಪುಟದೊಳಗೆ ಊರನ್ನು ಹುಡುಕುವಾಗ ಎರಡು ತೊಡಕುಗಳು ಎದುರಾಗುತ್ತವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳೂ ಒಂದು ಸಂಖ್ಯೆಯೂ ಇರುತ್ತವೆ, ಆದರೆ ಆ ತಾಲ್ಲೂಕುಗಳು ರೈಸ್ ಅವರ ಕಾಲದವು. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆಯ ಕೆಳಗೆ, ಮಧುಗಿರಿಯನ್ನು ಮದ್ದಗಿರಿಯ ಕೆಳಗೆ, ಈಚೆಗೆ ಆದ ಕೆಜಿಎಫ್ ತಾಲ್ಲೂಕಿನ ಹಳ್ಳಿಗಳನ್ನು ಬೌರಿಂಗ್‌ಪೇಟೆಯ ಕೆಳಗೇ ಹುಡುಕಬೇಕು. ಎರಡನೆಯ ತೊಡಕು ಹೆಸರಿನದು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆಯೆಂದು ವಿದ್ಯಾರ್ಥಿಯೊಬ್ಬ ಬಹಳ ಅಭಿಮಾನದಿಂದ ಬರೆದು ತಂದಿದ್ದ. ಅಶೋಕನ ಶಾಸನವಿರುವ ನಿಟ್ಟೂರು ಬಳ್ಳಾರಿ ಜಿಲ್ಲೆಯದು. ನಮ್ಮ ನಿಟ್ಟೂರಿನ ಹೆಮ್ಮೆ ಅಲ್ಲಿನ ಶಾಂತಿನಾಥ ಬಸದಿ. ಒಂದೇ ಹೆಸರಿನ ಊರು ನಾಡಿನಲ್ಲಿ ಹತ್ತಿದ್ದಾವು, ಹೋಬಳಿಯವರೆಗೆ ಹೋಗಿ ಖಚಿತಪಡಿಸಿಕೊಳ್ಳದೆ ಮುಂದಕ್ಕೆ ಹೋಗಕೂಡದು.

ಈ ಹಂತದಲ್ಲಿ ಎಐ ಚಾಟ್‌ಬಾಟನ್ನು ಕೇಳುವ ಚಾಳಿ ಈಗ ಬಂದಿದೆ. ನಾನೂ ಕೇಳಿ ನೋಡಿದೆ. ಶಾಸನದ ಸಂಖ್ಯೆ, ರಾಜನ ಹೆಸರು, ಇಸವಿ ಎಲ್ಲವನ್ನೂ ಅದು ತಡವರಿಸದೆ ಹೇಳಿತು. ಸಂಪುಟ ತೆರೆದರೆ ಆ ಸಂಖ್ಯೆಯಲ್ಲಿದ್ದದ್ದು ಬೇರೊಂದು ಹಳ್ಳಿಯ, ಬಹಳ ಈಚಿನ ಕಾಲದ ದಾನಪತ್ರ. ಕಷ್ಟದ ಇಂಗ್ಲಿಷ್ ವಾಕ್ಯದ ಅರ್ಥ ಕೇಳುವುದಕ್ಕೆ ಅದನ್ನು ಬಳಸಿ. ಶಾಸನದ ಸಂಖ್ಯೆ ಕೇಳುವುದಕ್ಕೆ ಬಳಸಬೇಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೂ, ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ‘ಹತ್ತು ಸಾವಿರ ವರ್ಷದ ದೇವಾಲಯ’ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಂತ 4: ಶಾಸನವನ್ನು ಓದುವುದು

ಕೆಲಸ ಕೆಡುವುದು ಇಲ್ಲಿಯೇ. ಕುಳಿತುಕೊಳ್ಳುವ ಮುನ್ನ ಮೂರು ಬಣ್ಣದ ಪೆನ್ನುಗಳನ್ನೂ ರೂಲು ಹಾಕಿದ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಸಾಕೆನ್ನುವವರ ಮಾತು ಕೇಳಬೇಡಿ, ಕೈಯಲ್ಲಿ ನಕಲು ಮಾಡಿಕೊಂಡಾಗಲೇ ಕಣ್ಣು ಪ್ರತಿ ಅಕ್ಷರದ ಮೇಲೂ ನಿಲ್ಲುತ್ತದೆ. ಕಲ್ಲಿನ ಮೇಲೆ ಇರುವುದನ್ನು ಕಪ್ಪಿನಲ್ಲಿ, ಸಂಪಾದಕರು ಸೇರಿಸಿದ್ದನ್ನು ಹಸಿರಿನಲ್ಲಿ, ನಿಮಗೆ ಹೊಳೆದದ್ದನ್ನು ಕೆಂಪಿನಲ್ಲಿ ಬರೆಯಿರಿ. ಹೀಗೆ ಮಾಡಿದವರ ಬರಹದಲ್ಲಿ ಮುಕ್ಕಾಲು ಪಾಲು ತಪ್ಪುಗಳು ಹುಟ್ಟುವುದೇ ಇಲ್ಲ.

ಹಸಿರಿಗೆ ಏನೇನು ಸೇರುತ್ತದೆ ಎಂಬುದನ್ನು ಮೊದಲು ನೋಡೋಣ. ರೈಸ್ ಅವರು ಪ್ರತಿ ಶಾಸನದ ಅನುವಾದದ ತಲೆಯ ಮೇಲೆ ಕಾಲವನ್ನು ಕೊಡುತ್ತಾರೆ. ಶಾಸನದಲ್ಲಿಯೇ ಶಕವರ್ಷ ಇದ್ದರೆ ಅದರ ಲೆಕ್ಕ ಅಲ್ಲಿರುತ್ತದೆ. ಇಲ್ಲದಿದ್ದರೆ ಲಿಪಿ ನೋಡಿ, ರಾಜನ ಹೆಸರು ನೋಡಿ ಅವರು ಅಂದಾಜು ಮಾಡಿರುತ್ತಾರೆ, ಮತ್ತು ಪ್ರಾಮಾಣಿಕವಾಗಿ ‘ಸುಮಾರು’ ಎಂಬ ಅರ್ಥದ ಪದವನ್ನೋ ಪ್ರಶ್ನಾರ್ಥಕ ಚಿಹ್ನೆಯನ್ನೋ ಇಟ್ಟಿರುತ್ತಾರೆ. ‘ಸುಮಾರು 890’ ಎಂಬುದು ಮೊದಲ ಬರಹಗಾರನ ಕೈಯಲ್ಲಿ ‘890’ ಆಗುತ್ತದೆ. ಎರಡನೆಯವನು ಅದಕ್ಕೆ ‘ಕ್ರಿ.ಶ. 890ರಲ್ಲಿ ಸ್ಥಾಪನೆಯಾದ’ ಎಂದು ಸೇರಿಸುತ್ತಾನೆ. ಮೂರನೆಯ ಸಲ ಅದು ಗ್ರಾನೈಟ್ ಫಲಕದ ಮೇಲೆ ಚಿನ್ನದ ಬಣ್ಣದಲ್ಲಿ ಗರ್ಭಗುಡಿಯ ಎದುರಿಗೆ ನಿಂತಿರುತ್ತದೆ. ಆ ಒಂದು ಪದವನ್ನು ಬಿಡದೆ ಬರೆದುಕೊಳ್ಳಿ.

ಪಾಠದೊಳಗೆ ಚೌಕ ಆವರಣದಲ್ಲಿ ಇರುವ ಅಕ್ಷರಗಳು ಸವೆದುಹೋಗಿ ಸಂಪಾದಕರು ಊಹಿಸಿ ತುಂಬಿದವು. ಚುಕ್ಕಿಗಳು ಪೂರ್ತಿ ಅಳಿದದ್ದನ್ನು ತೋರಿಸುತ್ತವೆ. ರಾಜನ ಹೆಸರೇ ಆವರಣದೊಳಗಿದ್ದರೆ, ನಿಮ್ಮ ಇಡೀ ವಾದ ಒಬ್ಬ ಸಂಪಾದಕರ ಊಹೆಯ ಮೇಲೆ ನಿಂತಿದೆ ಎಂದು ಅರ್ಥ. ಅನುವಾದವನ್ನು ಮಾತ್ರ ಓದುವವರಿಗೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅನುವಾದದಲ್ಲಿ ವಾಕ್ಯ ನುಣುಪಾಗಿ ಹರಿದಿರುತ್ತದೆ. ಅನುವಾದವನ್ನು ಎರಡನೆಯ ಸಲಕ್ಕೆ ಇಟ್ಟುಕೊಂಡು ಮೂಲವನ್ನೇ ಮೊದಲು ಓದಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಕೋಲಾರದ ಸಂಪುಟದಲ್ಲಿ ಚೋಳರ ಕಾಲದ ತಮಿಳು ಶಾಸನಗಳೂ ಬಹಳ ಇವೆ. ಆ ಸೀಮೆಯನ್ನು ಚೋಳರು ನಿಗರಿಲಿ ಚೋಳಮಂಡಲವೆಂದು ಕರೆದಿದ್ದರು. ಅಲ್ಲಿ ತಮಿಳು ಬಲ್ಲವರನ್ನು ಜೊತೆಗೆ ಕೂರಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಹಳಗನ್ನಡದ ಪಾಠವಾದರೂ ಪದಗಳ ವಿಷಯದಲ್ಲಿ ಎಚ್ಚರ ಬೇಕು. ‘ಕೊಡಗೆ’ ಎಂಬುದನ್ನು ಕೊಡಗು ಎಂದು ಓದಿ, ನಮ್ಮ ಹಳ್ಳಿಗೂ ಕೊಡಗಿನ ಅರಸರಿಗೂ ನಂಟು ಹಾಕಿದ ಬರಹವನ್ನು ನಾನು ತಿದ್ದಿದ್ದೇನೆ. ಕೊಡಗೆಯೆಂದರೆ ಬಿಟ್ಟುಕೊಟ್ಟ ಮಾನ್ಯದ ಭೂಮಿ. ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಕೆರೆಗಳ ಸೀಮೆಯಾದ ನಮ್ಮಲ್ಲಿ ಮತ್ತೆ ಮತ್ತೆ ಬರುವ ‘ಬಿತ್ತುವಟ್ಟ’ ಎಂಬುದು ಕೆರೆ ಕಟ್ಟಿಸಿದವನಿಗೆ ಅಥವಾ ಅದರ ಪಾಲನೆಗಾಗಿ ಬಿಟ್ಟ ಗದ್ದೆ. ‘ತುರು’ ಎಂದರೆ ದನ. ‘ತುರುಗೊಳ್’ ಎಂದಿರುವ ವೀರಗಲ್ಲು ದನ ಹಿಡಿದೊಯ್ದ ಗಲಭೆಯದು, ಸಾಮ್ರಾಜ್ಯಗಳ ಮಹಾಯುದ್ಧದ್ದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ಮಗ್ಗುಲಲ್ಲಿ ಇಟ್ಟುಕೊಂಡರೆ ಈ ಪದಗಳೆಲ್ಲ ಬಗೆಹರಿಯುತ್ತವೆ.

ಇನ್ನು ಬಿರುದುಗಳ ವಿಷಯ. ಗಂಗರ 9–10ನೆಯ ಶತಮಾನದ ಶಾಸನಗಳು ಸಾಮಾನ್ಯವಾಗಿ ‘ಸತ್ಯವಾಕ್ಯ ಕೊಂಗುಣಿವರ್ಮ ಧರ್ಮಮಹಾರಾಜಾಧಿರಾಜ ಕುವಳಾಲಪುರವರೇಶ್ವರ ನಂದಗಿರಿನಾಥ’ ಎಂಬ ಧಾಟಿಯಲ್ಲಿ ಶುರುವಾಗುತ್ತವೆ. ಕುವಳಾಲವೆಂದರೆ ಕೋಲಾರ, ನಂದಗಿರಿಯೆಂದರೆ ನಂದಿ ಬೆಟ್ಟ. ಹಲವು ವರ್ಷಗಳ ಹಿಂದೆ ಇದನ್ನು ಓದಿ ಹಿಗ್ಗಿದ ನಾನು, ಆ ರಾಜ ಕೋಲಾರದಲ್ಲಿ ಕುಳಿತು ಆಳುತ್ತಿದ್ದನೆಂದು ಒಂದು ಸ್ಮರಣಸಂಚಿಕೆಯಲ್ಲಿ ಬರೆದುಬಿಟ್ಟೆ. ನಿವೃತ್ತ ಮೇಷ್ಟರೊಬ್ಬರು ಕರೆದು, ‘ಏನಪ್ಪಾ, ತಲಕಾಡಿಗೆ ಹೋದವರನ್ನು ಮತ್ತೆ ಕೋಲಾರಕ್ಕೆ ಕರಕೊಂಡು ಬಂದಿದ್ದೀಯಲ್ಲ’ ಎಂದರು. ಗಂಗರ ರಾಜಧಾನಿ ಕೋಲಾರದಿಂದ ತಲಕಾಡಿಗೆ ಹೋಗಿ ಶತಮಾನಗಳೇ ಕಳೆದಿದ್ದರೂ ಬಿರುದು ಉಳಿದುಕೊಂಡಿತ್ತು. ಅದು ಮನೆತನದ ಮೂಲವನ್ನು ಹೇಳುತ್ತದೆಯೇ ಹೊರತು ಆ ಹೊತ್ತಿನ ವಿಳಾಸವನ್ನಲ್ಲ. ‘ಸತ್ಯವಾಕ್ಯ’ ಎಂಬುದೂ ಒಬ್ಬ ರಾಜನ ಹೆಸರಲ್ಲ. 9ನೆಯ ಶತಮಾನದಿಂದ ಈಚೆಗೆ ಸತ್ಯವಾಕ್ಯ, ನೀತಿಮಾರ್ಗ ಎಂಬ ಬಿರುದುಗಳು ಒಬ್ಬರಾದ ಮೇಲೆ ಒಬ್ಬರಿಗೆ ಸಲ್ಲುತ್ತ ಹೋದವು, ಆದ್ದರಿಂದ ಇದು ಯಾವ ಸತ್ಯವಾಕ್ಯ ಎಂದು ಬೇರೆ ಸುಳಿವಿನಿಂದ ನಿರ್ಧರಿಸಬೇಕು. ಸುಳಿವು ಸಿಗದಿದ್ದರೆ ‘ಸತ್ಯವಾಕ್ಯನೆಂಬ ಬಿರುದಿನ ಗಂಗ ಅರಸ’ ಎಂದಷ್ಟೇ ಬರೆದು ನಿಲ್ಲಿಸಿ. ಅಶೋಕನ ವಿಷಯದಲ್ಲಿಯೂ ಹೀಗೆಯೇ ಆಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಕಂಡದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು. ಸಿಂಹಳದ ವೃತ್ತಾಂತಗಳ ನೆರವಿನಿಂದ ಆ ಬಿರುದಿನವನು ಅಶೋಕನೆಂದು ಗುರುತಿಸಿದರಾದರೂ, ಕಲ್ಲಿನ ಮೇಲೆಯೇ ಅಶೋಕನೆಂಬ ಹೆಸರು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಹಂತ 5: ಕಾಲವನ್ನು ತಾಳೆ ನೋಡಿ

ಶಕವರ್ಷಕ್ಕೆ 78 ಕೂಡಿಸಬೇಕು. ತಿಂಗಳು ಪುಷ್ಯದ ಕೊನೆ, ಮಾಘ, ಫಾಲ್ಗುಣವಾಗಿದ್ದರೆ ಇಂಗ್ಲಿಷ್ ವರ್ಷ ಬದಲಾಗಿರುವುದರಿಂದ 79. ಇಷ್ಟನ್ನು ಎಲ್ಲರೂ ಮಾಡುತ್ತಾರೆ, ಸಂವತ್ಸರವನ್ನು ತಾಳೆ ನೋಡುವವರು ಮಾತ್ರ ವಿರಳ. ಮನೆಯ ಪಂಚಾಂಗವಿದ್ದರೆ ಇದು ಎರಡು ನಿಮಿಷದ ಕೆಲಸ. ಬೇಲೂರಿನ ದೇವಾಲಯದ ಪ್ರತಿಷ್ಠೆಯ ಶಾಸನದಲ್ಲಿರುವುದು ಶಕ 1039, ಹೇವಿಳಂಬಿ ಸಂವತ್ಸರ. 1039ಕ್ಕೆ 78 ಕೂಡಿಸಿದರೆ 1117. ನಮ್ಮ ಕಾಲದಲ್ಲಿ ಹೇವಿಳಂಬಿ ಬಂದದ್ದು 2017ರ ಯುಗಾದಿಗೆ. ಎರಡರ ನಡುವಿನ ಅಂತರ 900. ಸಂವತ್ಸರದ ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಅದನ್ನು 60ರಿಂದ ಭಾಗಿಸಿದರೆ ಶೇಷವಿಲ್ಲದೆ 15. ಲೆಕ್ಕ ಕೂಡಿಬಂದಿತು.

ಕೂಡದಿದ್ದಾಗ ಮೂರು ಕಾರಣಗಳನ್ನು ಈ ಅನುಕ್ರಮದಲ್ಲಿಯೇ ನೋಡಿ. ಒಂದೇ ವರ್ಷದ ವ್ಯತ್ಯಾಸವಿದ್ದರೆ, ಶಾಸನ ಹೇಳುತ್ತಿರುವುದು ಸಂದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬುದನ್ನು ಗಮನಿಸಬೇಕು. ನಡೆಯುತ್ತಿರುವ ವರ್ಷವಾದರೆ 77 ಕೂಡಿಸಬೇಕಾಗುತ್ತದೆ. ಶಾಸನ 10ನೆಯ ಶತಮಾನಕ್ಕಿಂತ ಹಿಂದಿನದಾದರೆ ಈ ಅರವತ್ತರ ಲೆಕ್ಕವನ್ನು ನೆಚ್ಚಬೇಡಿ, ಆಗ ಗುರುಗ್ರಹದ ಚಲನೆಯನ್ನು ಅನುಸರಿಸಿದ ಬೇರೆ ಎಣಿಕೆಯೂ ಬಳಕೆಯಲ್ಲಿತ್ತು. ಇವೆರಡೂ ಅಲ್ಲವಾದರೆ ಓದಿನಲ್ಲಿಯೋ ಶಾಸನದಲ್ಲಿಯೋ ದೋಷವಿದೆ. ತಿಥಿ ವಾರಗಳವರೆಗೆ ತಾಳೆ ನೋಡುವ ಆಸಕ್ತಿಯಿದ್ದವರು ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಬಳಸಬಹುದು.

ಹಂತ 6: ತಾಮ್ರಪಟವಾದರೆ ಇಮ್ಮಡಿ ಅನುಮಾನ

ತಾಮ್ರಪಟವು ಭೂಮಿಯ ಹಕ್ಕುಪತ್ರ. ಹಕ್ಕುಪತ್ರ ಇರುವಲ್ಲಿ ಖೋಟಾ ಹಕ್ಕುಪತ್ರವೂ ಇರುತ್ತದೆ. ನಮ್ಮ ಕಾಲದಲ್ಲಿ ಪಹಣಿ ತಿದ್ದಿಸುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಲಾರದ ಗಂಗರ ಆರಂಭಕಾಲದ ಚರಿತ್ರೆ ಬಹುಮಟ್ಟಿಗೆ ತಾಮ್ರಪಟಗಳನ್ನೇ ಅವಲಂಬಿಸಿದೆ, ಮತ್ತು ಅವುಗಳಲ್ಲಿ ಎಷ್ಟು ಅಸಲು ಎಂಬುದರ ಮೇಲೆ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರಿಗೂ ರೈಸ್ ಅವರಿಗೂ ದೊಡ್ಡ ಜಟಾಪಟಿಯೇ ನಡೆಯಿತು. ಹಲವು ಪಟಗಳು ಕೃತಕವೆಂದು ಫ್ಲೀಟ್ ವಾದಿಸಿದರು, ರೈಸ್ ಅವುಗಳ ಪರ ನಿಂತರು. ಮಡಿಕೇರಿಯ ತಾಮ್ರಪಟದಲ್ಲಿ 388 ಎಂಬ ವರ್ಷವಿದೆ, ಅದನ್ನು ಶಕವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ, ಆದರೆ ಅದರ ಲಿಪಿ ಶತಮಾನಗಳಷ್ಟು ಈಚಿನದು. ಕನ್ನಡ ಶಾಸನಗಳ ಆರಂಭವನ್ನು ಹೇಳುವಾಗ ಇಂಥ ಪಟವನ್ನು ಮುಂದಿಡದೆ ಹಲ್ಮಿಡಿಯಂಥ ಕಲ್ಲನ್ನು ಮುಂದಿಡುವುದು ಕ್ಷೇಮ.

ಪಟದಲ್ಲಿ ಹೇಳಿದ ಕಾಲಕ್ಕೂ ಲಿಪಿಗೂ ಹೊಂದಿಕೆಯಿದೆಯೇ, ತಿಥಿ ವಾರಗಳು ಕೂಡುತ್ತವೆಯೇ, ವಂಶಾವಳಿ ಬೇರೆ ಶಾಸನಗಳ ಜೊತೆ ಒಪ್ಪುತ್ತದೆಯೇ ಎಂಬ ಪರೀಕ್ಷೆಯನ್ನು ವಿದ್ವಾಂಸರು ಆಗಲೇ ಮಾಡಿರುತ್ತಾರೆ. ನಿಮ್ಮ ಕೆಲಸ ಅದನ್ನು ಹುಡುಕುವುದು. 1905ರ ಮುನ್ನುಡಿಯಲ್ಲಿ ಇದ್ದದ್ದನ್ನೇ ಕೊನೆಯ ಮಾತೆಂದು ತಿಳಿಯದೆ, ಆಮೇಲೆ ಅದೇ ಪಟದ ಬಗ್ಗೆ ‘ಎಪಿಗ್ರಾಫಿಯಾ ಇಂಡಿಕ’ದಲ್ಲಿಯೋ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳಲ್ಲಿಯೋ ಏನು ಬಂದಿದೆ ಎಂದು ನೋಡಬೇಕು. ಆ ಪ್ರಬಂಧಗಳು ಶೋಧಗಂಗಾ ತಾಣದಲ್ಲಿ ತೆರೆದೇ ಇರುತ್ತವೆ, ಆದರೆ ಪಿಎಚ್.ಡಿ. ಸಿಕ್ಕಿದೆಯೆಂಬ ಕಾರಣಕ್ಕೆ ಯಾವ ಪ್ರಬಂಧವನ್ನೂ ನಂಬಬೇಡಿ. ಅಡಿಟಿಪ್ಪಣಿಯಲ್ಲಿ ಶಾಸನದ ಸಂಖ್ಯೆ ಇದ್ದರೆ ಓದಿ, ಇನ್ನೊಂದು ಪುಸ್ತಕದ ಹೆಸರು ಮಾತ್ರ ಇದ್ದರೆ ಆ ಪುಸ್ತಕಕ್ಕೆ ಹೋಗಿ. ಗ್ರೀಕರ ಬರಹಗಳಿಗೂ ಇದು ಸಲ್ಲುತ್ತದೆ: ಮೆಗಾಸ್ತನೀಸನ ‘ಇಂಡಿಕಾ’ ಉಳಿದಿಲ್ಲ, ‘ಮೆಗಾಸ್ತನೀಸ್ ಹೇಳುತ್ತಾನೆ’ ಎಂದು ಬರೆಯುವಾಗ ಅದನ್ನು ಉದ್ಧರಿಸಿದವನು ಸ್ಟ್ರಾಬೋನೋ ಅರಿಯನ್ನನೋ ಎಂಬುದನ್ನೂ ಬರೆಯಬೇಕು.

ಶಾಸನಗಳಿಗೂ ಹಿಂದಿನ ಕಾಲಕ್ಕೆ ಹೋಗಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ವಾರ್ಷಿಕ ಪರಿಶೀಲನ ಸಂಚಿಕೆಗಳು 1953–54ರಿಂದ ಈಚೆಗೆ ಸಿಗುತ್ತವೆ. ಶಿಲಾಯುಗದ ಕಿಬ್ಬನಹಳ್ಳಿ, ಕೋಲಾರ ಜಿಲ್ಲೆಯ ಬನಹಳ್ಳಿ ಮುಂತಾದ ನೆಲೆಗಳ ಬಗ್ಗೆ ಬರೆಯುವವರು ಉತ್ಖನನದ ವರದಿಯನ್ನೇ ಆಶ್ರಯಿಸಬೇಕು.

ಹಂತ 7: ಕಲ್ಲಿನ ಬಳಿಗೆ ಹೋಗಿ

ಕೊನೆಗೆ ಹೋಗಿ ಎಂದು ಹೇಳುತ್ತಿದ್ದೇನೆ, ಏಕೆಂದರೆ ಪಾಠವನ್ನು ಬಾಯಿಪಾಠ ಮಾಡಿಕೊಂಡು ಹೋದವನಿಗೇ ಕಲ್ಲಿನ ಮೇಲೆ ಅಕ್ಷರ ಕಾಣುವುದು. ನಡುಹಗಲಲ್ಲಿ ಹೋದರೆ ಏನೂ ಕಾಣದು. ಬೆಳಿಗ್ಗೆ ಏಳರ ಒಳಗೆ ಅಥವಾ ಸಂಜೆ ಬಿಸಿಲು ಓರೆಯಾದಾಗ ಗೆರೆಗಳಲ್ಲಿ ನೆರಳು ಕೂರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿದರೆ ಇನ್ನೂ ಚೆನ್ನ. ಮೈದಾ ಹಿಟ್ಟು ಬಳಿಯುವುದು, ಸೀಮೆಸುಣ್ಣದಿಂದ ಅಕ್ಷರ ತಿದ್ದುವುದು ಬೇಡವೇ ಬೇಡ: ಹಿಟ್ಟಿಗೆ ಇರುವೆ ಬರುತ್ತದೆ, ಬೂಷ್ಟು ಕಟ್ಟುತ್ತದೆ, ಮತ್ತು ಸುಣ್ಣ ಹಾಕಿದವನು ತನಗೆ ಬೇಕಾದ ಅಕ್ಷರವನ್ನೇ ಕಲ್ಲಿನ ಮೇಲೆ ಬರೆಯುತ್ತಾನೆ. ಪಡಿಯಚ್ಚು ತೆಗೆಯುವುದು ತರಬೇತಾದವರ ಕೆಲಸ. ಒದ್ದೆ ಕಾಗದವನ್ನು ಅಂಟಿಸಿ ಕುಂಚದಿಂದ ಬಡಿದು, ಮೇಲೆ ಶಾಯಿ ಒತ್ತುವಾಗ ಕೈ ಹೆಚ್ಚುಕಮ್ಮಿಯಾದರೆ ಕಲ್ಲಿಗೂ ಮಸಿ ಇಳಿಯುತ್ತದೆ. ಗುಡಿಯವರು ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದರೆ ನೀವೇ ಕೆರೆದು ತೆಗೆಯಲು ಹೋಗಬಾರದು.

ಸಂಪುಟಗಳಲ್ಲಿ ಎಲ್ಲಿಯೂ ಇಲ್ಲದ ಕಲ್ಲು ಸಿಕ್ಕರೆ ಅದನ್ನು ಇದ್ದ ಜಾಗದಿಂದ ಕದಲಿಸದೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ನಾಲ್ಕು ಕಡೆಯಿಂದಲೂ ಚಿತ್ರ ತೆಗೆದು, ಸರ್ವೆ ನಂಬರು ಮತ್ತು ಸಮೀಪದ ಗುರುತನ್ನು ಬರೆದು, ಪುರಾತತ್ವ ಇಲಾಖೆಗೂ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೂ ಒಂದೊಂದು ಪ್ರತಿ ಕಳುಹಿಸಿ. ಜಮೀನಿನ ಯಜಮಾನರಿಗೂ ಆ ಚಿತ್ರದ ಒಂದು ಪ್ರಿಂಟು ಕೊಟ್ಟು, ಏನು ಬರೆದಿದೆಯೆಂದು ಗೊತ್ತಾದಷ್ಟನ್ನು ಓದಿ ಹೇಳಿ ಬನ್ನಿ; ಮುಂದಿನ ಸಲ ಜೆಸಿಬಿ ಬಂದಾಗ ಆ ಬದುವಿನ ಹತ್ತಿರ ನಿಂತಿರುವವರು ಅವರೇ.